ಕುಂಕುಮ ಹಚ್ಚಿದ ದೂರು ಪೆಟ್ಟಿಗೆ

ಕಂಪನಿಗಳ ಕಾನೂನಿಗೆ ಕರಡು ಬರೆಯುವ ಕಚೇರಿಯ ಮುಖ್ಯಸ್ಥರಿಗೆ, ಸೊರಬ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಿಂದ.

ಮಾನ್ಯರೇ,

ಶಿಕಾರಿಪುರದ ಹೊರಗಿರುವ ಒಂದು ಅಡಿಕೆ ಹಾಳೆ ತಟ್ಟೆ ಮಾಡುವ ಶೆಡ್ಡಿನಲ್ಲಿ ಮಾಜಿದಾ ಎಂಬ ಹೆಣ್ಣುಮಗಳ ಬಲಗೈಯ ಎರಡು ಬೆರಳು ಹೋದವು. ಮೂರನೆಯದು ಇದೆ, ಆದರೆ ಮಡಚುವುದಿಲ್ಲ. ಆ ತಟ್ಟೆಗಳು ಸಮುದ್ರದಾಚೆ ಯಾವ ಕಂಪನಿಯ ಹೆಸರಿನಲ್ಲಿ ಮಾರಾಟವಾಗುತ್ತವೋ ಆ ಕಂಪನಿಯನ್ನು ಈ ಬಗ್ಗೆ ಯಾರು ಕೇಳಬೇಕು ಎಂದು ಮಾಜಿದಾಳ ಪರವಾಗಿ ನಾನು ನಿಮಗೆ ಅರ್ಜಿ ಬರೆದಿದ್ದೆ. ನೀವು ಆರು ಸಾಲಿನ ಉತ್ತರ ಕಳಿಸಿದ್ದೀರಿ. ಐದು ಸಾಲು ಕಡತದ ಸಂಖ್ಯೆ, ದಿನಾಂಕ, ವಿಳಾಸ. ಆರನೆಯ ಸಾಲು ಇದು: 'ಸದರಿ ಮಾರ್ಗಸೂಚಿಗಳು ಸ್ವಯಂಪ್ರೇರಿತ ಸ್ವರೂಪದ್ದಾಗಿರುವುದರಿಂದ ಯಾವುದೇ ಕ್ರಮಕ್ಕೆ ಅವಕಾಶವಿರುವುದಿಲ್ಲ.' ಮಾರ್ಗಸೂಚಿಯೆಂದರೆ, ಕಂಪನಿಗಳು ತಮಗಾಗಿ ದುಡಿಯುವವರನ್ನು ಹೇಗೆ ನೋಡಿಕೊಳ್ಳಬೇಕೆಂದು ನೀವೇ ಹೊರಡಿಸಿದ್ದು. ನನ್ನ ದೂರು ಈ ಆರನೆಯ ಸಾಲಿನ ಬಗ್ಗೆ.

ನಾನು ಶ್ರೀಲತಾ. ಇಪ್ಪತ್ತಾರು ವರ್ಷಗಳಿಂದ ಇಲ್ಲಿ ಕೂತು ಊರವರ ಅರ್ಜಿ ಬರೆಯುತ್ತಿದ್ದೇನೆ. ಪಹಣಿ ತಿದ್ದುಪಡಿ, ಪೋಡಿ, ಖಾತೆ ಬದಲಾವಣೆ, ಪಡಿತರ ಚೀಟಿ, ಪಕ್ಕದ ಮನೆಯವರ ಕೋಳಿಯ ಮೇಲಿನ ತಕರಾರು, ಎಲ್ಲ ಬರೆದಿದ್ದೇನೆ. ತಹಶೀಲ್ದಾರರಿಂದ ಹಿಡಿದು ರಾಷ್ಟ್ರಪತಿಗಳವರೆಗೆ ನಾನು ಕೈಮುಗಿದು ಬೇಡಿಕೊಳ್ಳದ ಹುದ್ದೆಯೇ ಉಳಿದಿಲ್ಲ, ಆದರೆ ಎಲ್ಲವೂ ಇನ್ನೊಬ್ಬರ ಸಹಿಯ ಮೇಲೆ. ನನ್ನ ಸ್ವಂತ ಹೆಸರಿನಲ್ಲಿ ಬರೆಯುತ್ತಿರುವುದು ಇದೇ ಮೊದಲು. ಹಾಗಾಗಿ 'ವಿಷಯ' ಬರೆದಿಲ್ಲ, 'ಉಲ್ಲೇಖ' ಬರೆದಿಲ್ಲ, ಎಡಗಡೆ ಎರಡು ಬೆರಳು ಜಾಗ ಬಿಟ್ಟಿಲ್ಲ. ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಳೆದ ಭಾನುವಾರದಿಂದ ನನಗೆ ನಗು ತಡೆಯಲಾಗುತ್ತಿಲ್ಲ. ಅನ್ನ ಬಸಿಯುವಾಗ ನಗು, ಬಸ್ಸಿನಲ್ಲಿ ನಗು. ನಮ್ಮ ಯಜಮಾನರು 'ಏನಾಯ್ತೇ ಮಾರಾಯ್ತಿ ನಿಂಗೆ' ಎಂದು ಎರಡು ಸಲ ಕೇಳಿದರು. ಎರಡು ಬೆರಳು ಹೋದ ಕತೆ ಹೇಳುವವಳು ನಗುವುದು ಸರಿಯೇ ಎಂದು ನಿಮಗನ್ನಿಸಬಹುದು. ಪೂರ್ತಿ ಓದಿ, ಆಮೇಲೆ ಹೇಳಿ.

ಮೊದಲು 'ಸ್ವಯಂಪ್ರೇರಿತ'ದ ವಿಚಾರ. ಎಂಥ ಸೊಗಸಾದ ಪದ ಸ್ವಾಮಿ! ನಾನು ಎಂಟು ಸಲ ಓದಿದೆ. ನಮ್ಮ ಬೀದಿಯಲ್ಲಿ ಹೆಲ್ಮೆಟ್ ಸ್ವಯಂಪ್ರೇರಿತವಲ್ಲ. ಮನೆ ಕಂದಾಯ ಸ್ವಯಂಪ್ರೇರಿತವಲ್ಲ. ನನ್ನ ಅಂಗಡಿಯ ಬೋರ್ಡಿನಲ್ಲಿ ಕನ್ನಡ ದೊಡ್ಡದಾಗಿರಬೇಕೆಂಬುದು ಸ್ವಯಂಪ್ರೇರಿತವಲ್ಲ, ಇರಲೂ ಬಾರದು. ಆ ಶೆಡ್ಡಿನಲ್ಲಿ ದುಡಿಯುವ ವನಜಮ್ಮ ಐದು ನಿಮಿಷ ತಡವಾಗಿ ಬಂದರೆ ಅರ್ಧ ದಿನದ ಹಾಜರಿ ಹೋಗುವುದು ಸ್ವಯಂಪ್ರೇರಿತವಲ್ಲ. ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಇಡೀ ಲೋಡು ವಾಪಸು ಬರುವುದು ಸುತರಾಂ ಸ್ವಯಂಪ್ರೇರಿತವಲ್ಲ. ಎರಡು ತಾಲ್ಲೂಕು ಹುಡುಕಿದರೂ ಸ್ವಯಂಪ್ರೇರಿತವಾದದ್ದು ನನಗೆ ಎರಡೇ ಸಿಕ್ಕವು. ಒಂದು ರಕ್ತದಾನ. ಇನ್ನೊಂದು, ತಮ್ಮ ಸಾಮಾನು ಮಾಡಿಕೊಡುವವರ ಕೈಕಾಲುಗಳ ಬಗ್ಗೆ ದೊಡ್ಡ ಕಂಪನಿಗಳಿಗಿರುವ ಕಾಳಜಿ.

ಶೆಡ್ಡಿನ ಯಜಮಾನರು ಸುಬ್ಬಯ್ಯ. ನನ್ನ ತವರು ತಾಳಗುಂದದವರೇ, ನಮ್ಮಪ್ಪನ ಮನೆಯ ಎದುರು ಸಾಲಿನವರು. ಹದಿನಾಲ್ಕು ಮಿಷನ್ನು, ಮೂವತ್ತೊಂದು ಹೆಣ್ಣುಮಕ್ಕಳು. ತೋಟಗಳಿಂದ ಬಂದ ಅಡಿಕೆ ಹಾಳೆಯನ್ನು ನೆನೆಸಿ, ಉಜ್ಜಿ ತೊಳೆದು, ಕಾದ ಅಚ್ಚಿನ ಕೆಳಗಿಟ್ಟು ಒತ್ತಿದರೆ ತಟ್ಟೆ. ಸುಬ್ಬಯ್ಯ ಅದನ್ನು ಮಂಗಳೂರು ಕಡೆಯ ಒಬ್ಬ ರಫ್ತುದಾರರಿಗೆ ಕೊಡುತ್ತಾರೆ. ರಫ್ತುದಾರರು ಹೊರದೇಶದ ಕಂಪನಿಗೆ ಕೊಡುತ್ತಾರೆ. ಅಲ್ಲಿ ಅದಕ್ಕೆ ಹಸಿರು ಎಲೆಯ ಚಿತ್ರವಿರುವ ಪೊಟ್ಟಣ ಸಿಗುತ್ತದೆ. ಪೊಟ್ಟಣದ ಮೇಲೆ 'ಒಂದು ಮರಕ್ಕೂ ನೋವಾಗಿಲ್ಲ' ಎಂದು ಬರೆದಿರುತ್ತಾರೆ. ಅದು ನಿಜವೇ, ಹಾಳೆ ತಾನಾಗಿ ಉದುರುತ್ತದೆ.

ಎರಡು ವರ್ಷದ ಹಿಂದೆ ಸುಬ್ಬಯ್ಯ ಫೋನು ಮಾಡಿದರು. "ಶ್ರೀಲತಾ, ನಿಂಗೆ ಇಂಗ್ಲಿಷ್ ಬರ್ತೈತಲ್ಲ. ಕಂಪನಿಯೋರು ನಲವತ್ತು ಪುಟದ್ದು ಏನೋ ಕಳ್ಸ್ಯಾರ. ಕನ್ನಡದಾಗ ಮಾಡಿ ಗೋಡೆಗೆ ಹಚ್ಬೇಕಂತೆ" ಎಂದರು. ಅದು ಕಂಪನಿಯ ನೀತಿ ಸಂಹಿತೆ. ನಾನು ಒಂದು ವಾರ ಕೂತು ಅನುವಾದಿಸಿದೆ. ಸ್ವಾಮಿ, ನನಗೆ ಹುಚ್ಚೇ ಹಿಡಿಯಿತು! 'ನಮಗಾಗಿ ದುಡಿಯುವ ಪ್ರತಿಯೊಬ್ಬರ ಸುರಕ್ಷತೆ ನಮ್ಮ ಹೊಣೆ, ಅವರು ಎಷ್ಟೇ ದೂರದಲ್ಲಿರಲಿ.' 'ಭಯವಿಲ್ಲದೆ ದೂರು ಹೇಳುವುದು ಪ್ರತಿಯೊಬ್ಬರ ಹಕ್ಕು.' ಇಪ್ಪತ್ತಾರು ವರ್ಷ 'ದಯಮಾಡಿ ಪರಿಶೀಲಿಸಬೇಕಾಗಿ ವಿನಂತಿ' ಎಂದು ಬರೆದ ಬೆರಳುಗಳಿಗೆ ಇದೆಂಥ ಹಬ್ಬ! ಕೊನೆಯ ಪುಟ ಟೈಪು ಮಾಡಿದ ದಿನ ಖುಷಿ ತಡೆಯಲಾರದೆ ಜಿಲೇಬಿ ಕಟ್ಟಿಸಿಕೊಂಡು ಶಿಕಾರಿಪುರದ ಬಸ್ಸು ಹತ್ತಿದೆ. ಶೆಡ್ಡಿನಲ್ಲಿ ಎಲ್ಲರಿಗೂ ಹಂಚಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳಿದೆ. ಮೂರನೇ ಮಿಷನ್ನಿನ ಮಾಜಿದಾ ಜಿಲೇಬಿಯ ಪಾಕ ನೆಕ್ಕುತ್ತ, "ಅಕ್ಕಾ, ಇಷ್ಟೆಲ್ಲ ಅವ್ರೇ ತಾವಾಗೇ ಹೇಳ್ಯಾರೇನ್ರೀ?" ಎಂದು ಕೇಳಿದಳು. ಹೌದು ಎಂದೆ. ಬೇಕಾದರೆ ಬರೆದುಕೊಡುತ್ತೇನೆ ಎಂದೂ ಅಂದೆ.

ಮಾಜಿದಾಳ ತಂದೆ ಅಬ್ದುಲ್ ರಹೀಂ ಅವರು ಪಾತ್ರೆಗೆ ಕಲಾಯಿ ಹಾಕುವವರು. ಈಗ ಆ ಕೆಲಸ ಅಷ್ಟಕ್ಕಷ್ಟೆ. ಹಾಗಾಗಿ ಮಗಳು ಶೆಡ್ಡಿಗೆ ಬಂದಳು. ರಂಜಾನಿನಲ್ಲಿ ಅವಳ ಬೀದಿಯ ಹೆಣ್ಣುಮಕ್ಕಳೆಲ್ಲ ಅವಳ ಮುಂದೆ ಕೈ ಚಾಚಿ ಸಾಲಾಗಿ ಕೂರುತ್ತಿದ್ದರು. ಅವಳ ಬಲಗೈ ಮೆಹಂದಿ ಎಳೆದರೆ ಬಳ್ಳಿ ಮೊಣಕೈವರೆಗೆ ಒಂದೇ ಉಸಿರಿನಲ್ಲಿ ಹೋಗುತ್ತಿತ್ತು.

ಇನ್ನು ಪೆಟ್ಟಿಗೆಯ ಕತೆ. ಸಂಹಿತೆಯ ಪ್ರಕಾರ ಒಂದು ದೂರು ಪೆಟ್ಟಿಗೆ ಇರಬೇಕು. ಅದಕ್ಕೆ ಬೀಗ ಇರಬೇಕು, ಬೀಗದ ಕೈ ಯಜಮಾನರ ಹತ್ತಿರ ಇರಬಾರದು, ಕಂಪನಿಯ ತಪಾಸಣೆಯವರ ಹತ್ತಿರ ಇರಬೇಕು. ಸುಬ್ಬಯ್ಯ ಸ್ಟೀಲಿನದೇ ತರಿಸಿದರು. ಪಳಪಳ ಹೊಳೆಯುತ್ತಿತ್ತು, ನೆತ್ತಿಯ ಮೇಲೆ ಒಂದು ಸೀಳು, ಮುಂದೆ ಗುಂಡು ಬೀಗ. ಅದು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಮರುದಿನ ಹದಿನಾಲ್ಕು ಮಿಷನ್ನಿಗೂ ಪೂಜೆ ನಡೆಯಿತು. ಎಲ್ಲರಿಗಿಂತ ಹಿರಿಯರಾದ ವನಜಮ್ಮ ಕುಂಕುಮದ ಬಟ್ಟಲು ಹಿಡಿದು ಸಾಲಾಗಿ ಬರುತ್ತಿದ್ದವರು ಪೆಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತರು. ಬಿಟ್ಟು ಮುಂದೆ ಹೋಗಲು ಮನಸ್ಸು ಬರಲಿಲ್ಲ. ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕಿ ಕೈಮುಗಿದರು.

ಸೀಳಿರುವ, ಬೀಗ ಹಾಕಿದ, ಕುಂಕುಮ ಇಟ್ಟ ಪೆಟ್ಟಿಗೆಯನ್ನು ನಮ್ಮ ಕಡೆ ಏನೆನ್ನುತ್ತಾರೆಂದು ನಿಮಗೆ ನಾನು ಹೇಳಬೇಕೆ? ವಾರ ಕಳೆಯುವುದರೊಳಗೆ ಅದು ಪೆಟ್ಟಿಗೆಮ್ಮ ಆಗಿತ್ತು. ಅದರ ಕಡೆ ಕಾಲು ಚಾಚುವಂತಿಲ್ಲ. ಚಪ್ಪಲಿ ಆಚೆ ಬಿಡಬೇಕು. ಅದರೊಳಗೆ ಚೀಟಿಗಳು ಬೀಳತೊಡಗಿದವು, ಎಲ್ಲವೂ ಹರಕೆಯ ಚೀಟಿಗಳು. ನಮ್ಮ ದೇವಸ್ಥಾನಗಳಲ್ಲಿ ಹುಂಡಿಗೆ ಬರೆದು ಹಾಕುತ್ತಾರಲ್ಲ, ಇದು ಮಾಡಿಕೊಡು, ನಾನು ಅದು ಒಪ್ಪಿಸುತ್ತೇನೆ ಎಂದು, ಹಾಗೆ. ನಿನಗೂ ಇದು ನಡೆಯುತ್ತದೆಯೇ ಎಂದು ಮಾಜಿದಾಳನ್ನು ಕೇಳಿದ್ದಕ್ಕೆ ಅವಳು, "ನಮ್ ದರ್ಗಾದಾಗೂ ಚೀಟಿ ಕಟ್ತಾರ್ರೀ ಅಕ್ಕಾ. ಮ್ಯಾಲಿನೋನು ಡಬ್ಬಿ ನೋಡ್ತಾನೇನು, ಚೀಟಿ ನೋಡ್ತಾನ" ಎಂದಳು.

ಫೆಬ್ರವರಿಯಲ್ಲಿ ತಪಾಸಣೆ. ನನ್ನನ್ನು ದುಭಾಷಿಯಾಗಿ ಕರೆಸಿದರು. ಆ ದಿನವನ್ನು ನೀವು ನೋಡಬೇಕಿತ್ತು ಮಾನ್ಯರೇ! ಮೂವತ್ತೊಂದು ಜನರಿಗೂ ಬೂಟು ಬಂದಿತ್ತು, ಅದರಲ್ಲಿ ನಾಲ್ಕು ಜೊತೆ ಎರಡೂ ಎಡಗಾಲಿನವು. ಬೆಂಕಿ ಬಿದ್ದರೆ ಹೇಗೆ ಓಡಬೇಕು ಎಂದು ತೋರಿಸಲು ಸೈರನ್ ಕೂಗಿಸಿದರು. ಹೆಂಗಸರು ಊಟದ ಗಂಟೆ ಎಂದುಕೊಂಡು ನಲ್ಲಿಯ ಹತ್ತಿರ ಕೈ ತೊಳೆಯಲು ಓಡಿದರು. ಓಟದ ವೇಗ ಮೆಚ್ಚುವಂತಿದೆ ಎಂದು ತಪಾಸಣೆಯವರು ಬರೆದುಕೊಂಡರು. ಯಾರು ಏನೇ ಕೇಳಿದರೂ 'ಚೆನ್ನಾಗಿದ್ದಾರೆ ಸಾರ್' ಅನ್ನಬೇಕೆಂದು ವನಜಮ್ಮನಿಗೆ ಮೊದಲೇ ಹೇಳಿಕೊಟ್ಟಿದ್ದರು. "ಇಲ್ಲಿ ಬಾಲಕಾರ್ಮಿಕರು ಇದ್ದಾರೆಯೇ?" ಎಂಬ ಪ್ರಶ್ನೆ ಬಂತು. ವನಜಮ್ಮ ಕೈಮುಗಿದು, "ಚೆನ್ನಾಗಿದ್ದಾರೆ ಸಾರ್" ಎಂದರು. ನಾನು ಅನುವಾದಿಸುವ ಬದಲು ಕೆಮ್ಮಿದೆ.

ಇಷ್ಟು ನಗುತ್ತಿದ್ದವಳು ಒಂದು ಸಂಗತಿಯನ್ನು ನೋಡಿಯೂ ನೋಡದಂತೆ ಇದ್ದೆ. ಈ ಮಿಷನ್ನಿಗೆ ಎರಡು ಸ್ವಿಚ್ಚು ಇರುತ್ತವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ಆಗ ಕೈ ಅಚ್ಚಿನ ಕೆಳಗೆ ಇರಲು ಸಾಧ್ಯವೇ ಇಲ್ಲ. ಆದರೆ ಹಾಗೆ ಮಾಡಿದರೆ ತಟ್ಟೆಯ ಲೆಕ್ಕ ಏರುವುದಿಲ್ಲ. ಹಾಗಾಗಿ ಒಂದು ಸ್ವಿಚ್ಚನ್ನು ಹಳೇ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಸದಾ ಒತ್ತಿದಂತೆ ಕಟ್ಟಿಡುತ್ತಿದ್ದರು. ಒಂದು ಕೈ ಸ್ವಿಚ್ಚಿಗೆ, ಇನ್ನೊಂದು ಕೈ ಹಾಳೆ ಸರಿಸಲು. ತಪಾಸಣೆಯ ದಿನ ಬೆಳಗ್ಗೆ ಹದಿನಾಲ್ಕು ಟ್ಯೂಬೂ ಬಿಚ್ಚಿದ್ದರು. ತಪಾಸಣೆ ಮುಗಿಸಿ ಹೊರಟವರ ಕಾರು ಕಾಲುವೆಯ ಸೇತುವೆ ದಾಟುವ ಹೊತ್ತಿಗೆ ಮತ್ತೆ ಕಟ್ಟಿದ್ದರು.

ಅದೇ ದಿನ ಊಟಕ್ಕೆ ಮುಂಚೆ ಪೆಟ್ಟಿಗೆ ತೆರೆದಿದ್ದರು. ಇಪ್ಪತ್ತೇಳು ಚೀಟಿ. ಒಂದೊಂದನ್ನೂ ನಾನು ಓದಬೇಕು, ಅವರು ಫೋಟೋ ಹಿಡಿಯಬೇಕು. 'ಪೆಟ್ಟಿಗೆಮ್ಮಾ, ಹೊಗೆ ನನ್ನ ಕಣ್ಣಿಗೆ ಬರದ ಹಾಗೆ ಮಾಡು, ಅರಿಶಿನ ಕುಂಕುಮ ಒಪ್ಪಿಸುತ್ತೇನೆ.' 'ನೀರಲ್ಲಿ ನಿಂತು ಕಾಲ ಸಂದಿ ಕೊಳೆತಿದೆ, ವಾಸಿ ಮಾಡು, ಸೀರೆ ಉಡಿಸುತ್ತೇನೆ.' 'ಮಧ್ಯಾಹ್ನ ಒಂದು ಸಲ ಹೊರಗೆ ಹೋಗಿಬರಲು ಬಿಡುವಂತೆ ಯಜಮಾನರಿಗೆ ಬುದ್ಧಿ ಕೊಡು.' ಆಮೇಲೆ ಇದು: 'ಪೆಟ್ಟಿಗೆಮ್ಮನಿಗೆ ಮಾಜಿದಾಳ ಸಲಾಂ. ಮೂರನೇ ಮಿಷನ್ನಿನ ಟ್ಯೂಬು ತಾನಾಗೇ ಹರಿದು ಬೀಳಲಿ. ಬಿದ್ದರೆ ಒಂದು ಡಜನ್ ಹಸಿರು ಬಳೆ ಏರಿಸುತ್ತೇನೆ.' ನನಗೆ ಎಂಥ ನಗು ಬಂತು ಗೊತ್ತೆ! ಸಲಾಂ ಹೇಳಿಸಿಕೊಳ್ಳುವ ಅಮ್ಮ, ಸೈಕಲ್ ಟ್ಯೂಬಿಗೆ ಹಸಿರು ಬಳೆ! ತಪಾಸಣೆಯವರು, "ಇವು ದೂರುಗಳೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಒಳಗಿನಿಂದ ಹೋಳಿಗೆಯ ಪರಿಮಳ ಬರುತ್ತಿತ್ತು, ಎರಡೂವರೆಯ ಸೊರಬದ ಬಸ್ಸು ಹಿಡಿಯಬೇಕಿತ್ತು. ನಾನು ನಗುನಗುತ್ತಲೇ, "ಅಲ್ಲ ಸಾರ್, ಹರಕೆ. ದೇವರ ವಿಷಯ" ಎಂದೆ.

ಅವರು ಬರೆದುಕೊಂಡರು: 'ಪೆಟ್ಟಿಗೆಯಲ್ಲಿ ಯಾವುದೇ ದೂರು ಇರಲಿಲ್ಲ. ಧಾರ್ಮಿಕ ಸ್ವರೂಪದ ಚೀಟಿಗಳಿದ್ದವು.' ನನ್ನ ಇಡೀ ವೃತ್ತಿಯಲ್ಲಿ ಎಷ್ಟು ಸಾವಿರ ಅರ್ಜಿ ಬರೆದಿದ್ದೇನೋ ಲೆಕ್ಕವಿಲ್ಲ. ಇಪ್ಪತ್ತೇಳು ಅರ್ಜಿ ಕೈಯಲ್ಲೇ ಇದ್ದರೂ ನನಗೆ ಗುರುತು ಸಿಗಲಿಲ್ಲ. ಯಾಕೆಂದರೆ ಅವುಗಳ ಮೇಲೆ 'ವಿಷಯ' ಇರಲಿಲ್ಲ, 'ಉಲ್ಲೇಖ' ಇರಲಿಲ್ಲ.

ಏಪ್ರಿಲಿನಲ್ಲಿ ಕಂಪನಿಯಿಂದ ರಫ್ತುದಾರರಿಗೆ, ರಫ್ತುದಾರರಿಂದ ಸುಬ್ಬಯ್ಯನವರಿಗೆ ಒಂದು ಸಂದೇಶ ಬಂತು. ಅಲ್ಲಿ ಬೇಸಿಗೆ ಬೇಗ ಬಂದಿದೆ, ಜನ ಹುಲ್ಲಿನ ಮೇಲೆ ಕೂತು ಉಣ್ಣಲು ಶುರುಮಾಡಿದ್ದಾರೆ, ನಲವತ್ತು ದಿನದ ಮಾಲು ಇಪ್ಪತ್ತೈದು ದಿನಕ್ಕೆ ಬೇಕು ಎಂದು. ಹತ್ತೊಂಬತ್ತನೆಯ ದಿನ, ಮಧ್ಯಾಹ್ನದ ಊಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ, ಒದ್ದೆ ಹಾಳೆ ಜಾರಿತು. ಮಾಜಿದಾ ಸರಿಪಡಿಸಲು ಬಲಗೈ ಹಾಕಿದಳು. ಎಡಗೈ ಅಭ್ಯಾಸದಂತೆ ಸ್ವಿಚ್ಚು ಒತ್ತಿತು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ. ನಾನು ಆಸ್ಪತ್ರೆಗೆ ಹೋದಾಗ ಅವಳು ಕೇಳಿದ್ದು ಒಂದೇ ಮಾತು: "ಅಕ್ಕಾ, ನನ್ ಚೀಟಿ ನೀವು ಓದಿದ್ರಂತಲ್ರೀ?" ಆ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅತ್ತೆ.

ಹೊಣೆ ಯಾರದು ಎಂದು ಹುಡುಕತೊಡಗಿದೆ. ಸುಬ್ಬಯ್ಯ, "ದಿನ ಕಡಿಮಿ ಮಾಡ್ದೋರು ಅವ್ರು, ನಾನೇನ್ ಮಾಡ್ಲಿ?" ಎಂದರು. ರಫ್ತುದಾರರು, ಶೆಡ್ಡು ತಮ್ಮದಲ್ಲ ಎಂದರು. ಹೊರದೇಶದ ಕಂಪನಿಗೆ ಮಿಂಚಂಚೆ ಕಳಿಸಿದೆ. ಬಹಳ ಮರ್ಯಾದೆಯ ಉತ್ತರ ಬಂತು. ಅವರಿಗೆ ಅತೀವ ದುಃಖವಾಗಿದೆಯಂತೆ. ಆದರೆ ಸದರಿ ಮಹಿಳೆ ತಮ್ಮ ನೌಕರಳಲ್ಲವಂತೆ, ಘಟಕ ಸ್ವತಂತ್ರವಂತೆ, ದೂರು ಪೆಟ್ಟಿಗೆಯಲ್ಲಿ ಯಾವ ದೂರೂ ಬಂದಿರದ ಕಾರಣ ಅಪಾಯದ ಅರಿವೇ ತಮಗಿರಲಿಲ್ಲವಂತೆ.

ಅರಿವಿರಲಿಲ್ಲವೇ? ಅವರ ಪೊಟ್ಟಣದ ಮೇಲೆ ಒಂದು ಚೌಕದ ಕ್ಯೂಆರ್ ಕೋಡ್ ಇದೆ, ಮಾನ್ಯರೇ. ಮೊಬೈಲು ಹಿಡಿದರೆ ತೆರೆಯುತ್ತದೆ. ಹಾಳೆ ಉದುರಿದ್ದು ಯಾವ ಊರಲ್ಲಿ, ಒತ್ತಿದ್ದು ಯಾವ ದಿನ, ಎಲ್ಲ ಬರುತ್ತದೆ. ಅಂಬ್ಲಿಗೊಳ ಜಲಾಶಯದ ನೀರು ಕುಡಿದ ತೋಟವೆಂದು ನಕಾಶೆ ಸಮೇತ ಬರುತ್ತದೆ. ಕೆಳಗೆ 'ನಮ್ಮ ಕುಟುಂಬ' ಎಂದು ಇಂಗ್ಲಿಷಿನಲ್ಲಿ ಬರೆದು ಒಂದು ಫೋಟೋ ಹಾಕಿದ್ದಾರೆ. ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಗುತ್ತಿರುವವಳು ನಮ್ಮ ಮಾಜಿದಾ! ಹತ್ತು ಬೆರಳೂ ಎಣಿಸಬಹುದು. ಮಾರುವಾಗ ಕುಟುಂಬ, ಆಸ್ಪತ್ರೆಗೆ ಸೇರಿದಾಗ ಸ್ವತಂತ್ರ ಘಟಕ! ಉದುರಿದ ಹಾಳೆಯ ಜಾತಕ ಬರೆದಿಟ್ಟವರಿಗೆ ಅದನ್ನು ಒತ್ತಿದ ಕೈಯ ಸುದ್ದಿ ಗೊತ್ತಾಗುವುದಿಲ್ಲವೆಂದರೆ ನಾನು ನಂಬಬೇಕೆ? ನೀವು ನಂಬಿದ್ದೀರಿ, ಅದಕ್ಕೇ ಕೇಳಿದೆ.

ನಮ್ಮ ತಾಳಗುಂದದ ದೇವಸ್ಥಾನದ ಮುಂದೆ ಒಂದು ಕಲ್ಲುಕಂಬವಿದೆ. ಚಿಕ್ಕವಳಿದ್ದಾಗ ಅದರ ಸುತ್ತ ಮುಟ್ಟಾಟ ಆಡಿದ್ದೇವೆ. ಒಂದೂವರೆ ಸಾವಿರ ವರ್ಷದ ಹಿಂದೆ ಅದರ ಮೇಲೆ ಕೆತ್ತಿದ ಕತೆ ನಿಮಗೂ ಗೊತ್ತಿರಬಹುದು. ಓದಲೆಂದು ಕಂಚಿಗೆ ಹೋದ ನಮ್ಮ ಮಯೂರಶರ್ಮನಿಗೆ ಪಲ್ಲವರ ಒಬ್ಬ ಕುದುರೆ ಸವಾರನೊಂದಿಗೆ ಜಗಳವಾಯಿತು, ಅವಮಾನವಾಯಿತು. ಅವನು ಸವಾರನ ಮೇಲೆ ಮುನಿಸಿಕೊಂಡು ಅಲ್ಲಿಗೇ ಬಿಡಲಿಲ್ಲ, ನೇರ ಪಲ್ಲವ ರಾಜ್ಯವನ್ನೇ ಎದುರುಹಾಕಿಕೊಂಡ. ಆಗ ಪಲ್ಲವ ದೊರೆ, 'ಆ ಸವಾರ ಗುತ್ತಿಗೆಯವನು, ಕುದುರೆ ಸ್ವತಂತ್ರ ಘಟಕ, ನಮ್ಮ ಪೆಟ್ಟಿಗೆಗೆ ದೂರು ಬಂದಿಲ್ಲ' ಎಂದು ಉತ್ತರ ಬರೆದಿದ್ದರೆ ಬನವಾಸಿಯಲ್ಲಿ ಕದಂಬರ ರಾಜ್ಯ ಹುಟ್ಟುತ್ತಿತ್ತೇ? ಯಾರ ಹೆಸರಿನಲ್ಲಿ ಕೆಲಸ ನಡೆಯುತ್ತದೋ ಅವರೇ ಹೊಣೆ ಎಂಬುದು ನಮ್ಮ ಊರಿನ ಕಂಬಕ್ಕೂ ಗೊತ್ತು. ನಿಮ್ಮ ಕಚೇರಿಗೆ ಮಾತ್ರ ಅದು ಇನ್ನೂ ಮಾರ್ಗಸೂಚಿ.

ಈಗ ನನ್ನ ನಗುವಿನ ಕಾರಣ. ಮಾಜಿದಾ ಕೆಲಸಕ್ಕೆ ಮರಳಿದ್ದಾಳೆ, ತಟ್ಟೆ ವಿಂಗಡಿಸುವ ಕೆಲಸ. ಹದಿನೈದು ದಿನದ ಹಿಂದೆ ಒಂದು ಬೆಳಗ್ಗೆ ವನಜಮ್ಮ ತಮ್ಮ ಮಿಷನ್ನಿನ ಟ್ಯೂಬು ಬಿಚ್ಚಿ, ತಂದು ಪೆಟ್ಟಿಗೆಮ್ಮನ ಕೊರಳಿಗೆ ಹಾಕಿದರು. ಎರಡನೆಯವಳು ಬಿಚ್ಚಿದಳು, ನಾಲ್ಕನೆಯವಳು ಬಿಚ್ಚಿದಳು. ಒಂಬತ್ತು ಗಂಟೆಯ ಹೊತ್ತಿಗೆ ಪೆಟ್ಟಿಗೆಮ್ಮನಿಗೆ ಹದಿಮೂರು ಕರಿ ರಬ್ಬರಿನ ಹಾರ! ಮಾಜಿದಾ ಕೂರುತ್ತಿದ್ದ ಮೂರನೇ ಮಿಷನ್ನಿನದೊಂದು ಗಂಟು ಬಿದ್ದು ಬಿಚ್ಚಲಾಗುತ್ತಿರಲಿಲ್ಲ. ಸುಬ್ಬಯ್ಯ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಬೈಯುತ್ತಾರೆ ಎಂದೇ ಎಲ್ಲರೂ ಅಂದುಕೊಂಡರು. ಅವರು ಆಫೀಸಿಗೆ ಹೋಗಿ ಕತ್ತರಿ ತಂದು, ತಾವೇ ಕತ್ತರಿಸಿದರು.

ಕಳೆದ ಭಾನುವಾರ ಮಧ್ಯಾಹ್ನ ಮೂವತ್ತೊಂದು ಜನರೂ ನಾನೂ ಶೆಡ್ಡಿನ ಅಂಗಳದಲ್ಲಿ ಸೇರಿದೆವು. ನಾನು ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಂಡೆ. ಆಮೇಲೆ ಇಪ್ಪತ್ತೇಳು ಹರಕೆಗಳನ್ನೂ ಅರ್ಜಿಯಾಗಿ ತಿರುಗಿ ಬರೆಯಲು ಕೂತೆ. 'ಸದರಿ ಘಟಕದಲ್ಲಿ ಹೊಗೆ ಹೊರಹೋಗುವ ವ್ಯವಸ್ಥೆ ಇಲ್ಲದ ಕಾರಣ ಕಣ್ಣುರಿಯಿಂದ ಬಾಧೆಪಡುತ್ತಿದ್ದೇವೆ' ಎಂದು ಓದಿದೆ. ವನಜಮ್ಮನಿಗೆ ಸಮಾಧಾನವಾಗಲಿಲ್ಲ.

"ಕೊನಿಗೆ ಏನಾರ ಹೇಳ್ಕೋಬೇಕಲ್ಲವ್ವ. ಅರಿಶಿನ ಕುಂಕುಮ ಅಂತ ಮೊದ್ಲಿನ ಚೀಟ್ಯಾಗ ಇತ್ತು. ಬರಿಗೈಲಿ ಕೇಳಿದ್ರೆ ಯಾರ್ ಕೊಡ್ತಾರ?"

"ಇದು ಹಕ್ಕು ವನಜಮ್ಮ. ಹಕ್ಕಿಗೆ ಹರಕೆ ಹೊರಬೇಕಿಲ್ಲ."

"ಅಂದ್ರ ಬಳಿ ಬ್ಯಾಡ?"

"ಬೇಡ."

"ಸೀರಿ ಬ್ಯಾಡ?"

"ಏನೂ ಬೇಡ."

ವನಜಮ್ಮ ಸೆರಗು ಬಾಯಿಗೆ ಒತ್ತಿ, "ಹಂಗಾರೆ ಪುಕ್ಕಟೆ ಅಲ್ಲೇನೇ!" ಎಂದು ಕಿಸಕ್ಕನೆ ನಕ್ಕರು. ಅದು ಶುರುವಾಯಿತು ನೋಡಿ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೊಗೆ ಬೇಡ ಎನ್ನುವುದು ಪುಕ್ಕಟೆ, ಒಣ ನೆಲ ಪುಕ್ಕಟೆ, ಹೊರಗೆ ಹೋಗಿಬರುವುದು ಪುಕ್ಕಟೆ! ಇಷ್ಟು ದಿನ ಸುಮ್ಮನೆ ಸೀರೆ ಕುಪ್ಪಸದ ಹರಕೆ ಹೊತ್ತಿದ್ದೆವಲ್ಲ ಎಂದು ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ಅಷ್ಟರಲ್ಲಿ ಸುಬ್ಬಯ್ಯ ಬಂದು, ಮಡಚಿದ ಚೀಟಿಯೊಂದನ್ನು ನನ್ನ ಕೈಗಿಟ್ಟರು. "ನಂದೂ ಒಂದು ಐತಿ, ಅದನ್ನೂ ಅರ್ಜಿ ಮಾಡವ್ವ" ಎಂದರು. 'ಪೆಟ್ಟಿಗೆಮ್ಮಾ, ದಿನ ಕಡಿಮೆ ಮಾಡುವವರಿಗೆ ಒಂದು ದಿನ ಈ ಮಿಷನ್ನಿನ ಮುಂದೆ ಕೂರುವ ಬುದ್ಧಿ ಕೊಡು' ಎಂದಿತ್ತು. ಅದು ಇಪ್ಪತ್ತೆಂಟನೆಯ ಅರ್ಜಿಯಾಯಿತು. ಮಾನ್ಯರೇ, ಈ ನಗುವೇ ನನ್ನನ್ನು ಇನ್ನೂ ಬಿಟ್ಟಿಲ್ಲ.

ನಗು ಎಷ್ಟು ದಿನ ಉಳಿಯುತ್ತದೆ ಎಂಬುದು ನಿಮ್ಮ ಕೈಯಲ್ಲಿದೆ. ಟ್ಯೂಬು ಬಿಚ್ಚಿದ ಮೇಲೆ ತಟ್ಟೆಯ ಲೆಕ್ಕ ಮೂರರಲ್ಲಿ ಒಂದು ಪಾಲು ಇಳಿದಿದೆ. ಈ ತಿಂಗಳ ಕೊನೆಯೊಳಗೆ ಮೊದಲಿನ ಲೆಕ್ಕಕ್ಕೆ ಬರದಿದ್ದರೆ ಆರ್ಡರು ಬೇರೆ ಶೆಡ್ಡಿಗೆ ಹೋಗುತ್ತದೆ ಎಂದು ರಫ್ತುದಾರರು ಬರೆದಿದ್ದಾರೆ. ಆ ಬೇರೆ ಶೆಡ್ಡು ಎಲ್ಲಿದೆಯೋ ಗೊತ್ತಿಲ್ಲ, ಆದರೆ ಅಲ್ಲಿ ಟ್ಯೂಬು ಕಟ್ಟಿರುತ್ತದೆ ಎಂಬುದು ಖಂಡಿತ. ಸ್ವಿಚ್ಚು ಸರಿಯಿಟ್ಟುಕೊಂಡ ತಪ್ಪಿಗೆ ಮೂವತ್ತೊಂದು ಮನೆಯ ಕೆಲಸ ಹೋಗುತ್ತದೆ, ಇನ್ನೊಂದು ಊರಿನ ಇನ್ನೊಬ್ಬಳ ಕೈ ಅಚ್ಚಿನ ಕೆಳಗೆ ಹೋಗುತ್ತದೆ. ಕಂಪನಿಯ ಪೊಟ್ಟಣದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಸುಬ್ಬಯ್ಯನವರನ್ನು ಮಾತ್ರ ಹಿಡಿದು ಶಿಕ್ಷಿಸಿದರೆ ಇದು ನಿಲ್ಲುವುದಿಲ್ಲ. ಅವರ ತಪ್ಪಿಗೆ ಅವರು ಉತ್ತರ ಕೊಡಲಿ, ಕೊಡುತ್ತೇನೆಂದು ಅವರೇ ಹೇಳಿದ್ದಾರೆ. ಆದರೆ ದಿನ ಕಡಿಮೆ ಮಾಡಿದವರು ಎಲ್ಲಿ ಕೂತು ಉತ್ತರ ಕೊಡುತ್ತಾರೆ? ಹೊರಗಿನ ಕೆಲವು ದೇಶಗಳಲ್ಲಿ ಕಂಪನಿಗಳನ್ನು ಹೀಗೆ ಕೊನೆಯ ಶೆಡ್ಡಿನವರೆಗೂ ಹೊಣೆ ಮಾಡುವ ಕಾನೂನು ತಂದಿದ್ದಾರಂತೆ, ತಂದಮೇಲೆ ಕೆಲವರು ಹಿಂದೆಮುಂದೆ ನೋಡುತ್ತಿದ್ದಾರಂತೆ. ಅವರು ನೋಡಲಿ. ಬೆರಳು ನಮ್ಮವು, ನಮ್ಮ ಕಾನೂನು ನಾವು ಬರೆದುಕೊಳ್ಳಬೇಡವೇ?

ಆದ್ದರಿಂದ ನನ್ನ ಬೇಡಿಕೆ. ಈ ದೇಶದಲ್ಲಿ ಮಾಡಿಸಿಕೊಂಡ ಸಾಮಾನಿನ ಮೇಲೆ ಯಾರ ಹೆಸರಿದೆಯೋ, ಅವರು ದೇಶದವರಾಗಲಿ ವಿದೇಶದವರಾಗಲಿ, ಅದನ್ನು ಮಾಡಿದ ಕೊನೆಯ ಕೈಯವರೆಗೂ ಕಾನೂನಿನ ಹೊಣೆ ಹೊರಬೇಕು. 'ಗೊತ್ತಿರಲಿಲ್ಲ' ಎಂದರೆ, ಗೊತ್ತುಮಾಡಿಕೊಳ್ಳಲು ಏನು ಮಾಡಿದರು ಎಂಬುದನ್ನು ಅವರೇ ಸಾಬೀತುಪಡಿಸಬೇಕು. ಮಾಜಿದಾ ಅದಕ್ಕೆ ಕಡಲು ದಾಟುವಂತಾಗಬಾರದು, ಶಿಕಾರಿಪುರದ ನ್ಯಾಯಾಲಯದಲ್ಲೇ ಕೇಳುವಂತಿರಬೇಕು. ದಿನ ಕಡಿಮೆ ಮಾಡಿ ಆರ್ಡರು ಕೊಡುವುದೂ, ಸುರಕ್ಷತೆ ಕೇಳಿದ ಶೆಡ್ಡನ್ನು ಬಿಟ್ಟುಹೋಗುವುದೂ ತಪ್ಪೆಂದು ಬರೆಯಬೇಕು. ನಿಮ್ಮ ಆರನೆಯ ಸಾಲಿನಿಂದ 'ಸ್ವಯಂಪ್ರೇರಿತ' ಎಂಬ ಪದವನ್ನು ಹೊಡೆದುಹಾಕಬೇಕು. ಈ ತಿಂಗಳ ಕೊನೆಯೊಳಗೆ ಕಾನೂನು ಆಗುವುದಿಲ್ಲ ಎಂದು ಗೊತ್ತಿರುವಷ್ಟು ಕಾಲ ನಾನು ಕಚೇರಿ ಎದುರು ಕೂತಿದ್ದೇನೆ. ಆದರೆ ಆ ಕಂಪನಿಗೆ ನಿಮ್ಮ ಮುದ್ರೆಯಿರುವ ಒಂದು ಪತ್ರ, 'ಆರ್ಡರು ಯಾಕೆ ಬದಲಿಸುತ್ತಿದ್ದೀರಿ' ಎಂಬ ಒಂದೇ ಪ್ರಶ್ನೆ, ಅದಕ್ಕೆ ಒಂದು ದಿನ ಸಾಕು.

ಇನ್ನೊಂದು ಮಾತು ಉಳಿದಿದೆ. ಭಾನುವಾರ ಎಲ್ಲ ಮುಗಿದ ಮೇಲೆ ಮಾಜಿದಾ ಚೀಲದಿಂದ ಒಂದು ಡಜನ್ ಹಸಿರು ಬಳೆ ತೆಗೆದು ಪೆಟ್ಟಿಗೆಯ ಬೀಗಕ್ಕೆ ಒಂದೊಂದಾಗಿ ತೊಡಿಸಿದಳು. ಎಡಗೈಯಲ್ಲಿ ನಿಧಾನವಾಯಿತು, ಯಾರನ್ನೂ ಸಹಾಯಕ್ಕೆ ಬರಲು ಬಿಡಲಿಲ್ಲ. ಹರಕೆ ಬೇಡವೆಂದೆನಲ್ಲ, ಮೇಲಾಗಿ ಕೈಯೂ ಉಳಿಯಲಿಲ್ಲವಲ್ಲ ಎಂದು ನಾನು ಕೇಳಿದೆ.

"ಟ್ಯೂಬ್ ಬಿದ್ರೆ ಬಳಿ ಅಂದಿದ್ದೆ ಅಕ್ಕಾ. ಟ್ಯೂಬ್ ಬಿತ್ತು. ಎರಡು ಸಾಲು ಬರ್ದು ಹೇಳಿದ್ದು ನಾನು, ತೀರ್ಸಿದೆ. ಅವ್ರು ನಲವತ್ತು ಪುಟ ಹೇಳ್ಯಾರಲ್ರೀ, ಯಾವಾಗ ತೀರಿಸ್ತಾರ?"

ನಿಮ್ಮನ್ನು ಕೇಳುತ್ತೇನೆಂದು ಮಾತು ಕೊಟ್ಟಿದ್ದೇನೆ, ಅದಕ್ಕೇ ಈ ಪತ್ರ. ಪತ್ರದ ಕೊನೆಗೆ ಒಂದು ಸಾಲು ತಾನೇ ಬರೆಯುತ್ತೇನೆಂದು ಅವಳು ಹಟ ಹಿಡಿದಳು. ಎಡಗೈ ಬರಹ, ಅಕ್ಷರ ಮೇಲೆಕೆಳಗಾಗಿವೆ. ಕಾಯುವಷ್ಟು ಹೊತ್ತೂ ಮೂವತ್ತು ಜನ ಕತ್ತು ಚಾಚಿ ನೋಡಿದರು. ಅದನ್ನು ಟೈಪು ಮಾಡಿದರೆ ಹೀಗಿದೆ:

'ಸಾಹೇಬರಿಗೆ ಮಾಜಿದಾಳ ಸಲಾಂ. ಇದು ದೂರು.'

ಇಂತಿ, ಒಮ್ಮೆ ತಾನು ಓದಿಯೂ ಓದದ ತಪ್ಪನ್ನು ಎರಡನೇ ಸಲ ನೀವು ಮಾಡಲು ಬಿಡದ,

ಶ್ರೀಲತಾ
ಅರ್ಜಿ ಬರೆಯುವವಳು, ಸೊರಬ